ಬಿಗಿಯಾದ ಕೂಡಿಕೆ ಏಕೆ ಸೋರುತ್ತದೆ? ಮಡಚುವ ಗಾಡಿಮನೆಯ ಮೂಲಕ ಒಂದು ವಿಜ್ಞಾನ ಘಟಕ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ನನಗೆ ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿ ದೊರೆಯಿತು. ‘ಬಲ ಮತ್ತು ಒತ್ತಡ’ ಪಾಠ ಆಗಲೇ ಮುಗಿದಿತ್ತು. ಅದರ ವಿಸ್ತರಣೆಯಾಗಿ ಆರು ಅವಧಿಗಳ ಒಂದು ಯೋಜನಾ ಘಟಕವನ್ನು ಸಿದ್ಧಪಡಿಸಿ ನಡೆಸಿದೆ. ಮಕ್ಕಳು ಗುಂಪುಗಳಲ್ಲಿ ಮಡಚುವ ಕ್ಯಾಂಪರ್ ಟ್ರೇಲರಿನ ಮಾದರಿ ಕಟ್ಟಬೇಕು, ಅದರ ಮೇಲೆ ಅಳತೆಯ ಮಳೆ ಸುರಿಯಬೇಕು, ನೀರು ಎಲ್ಲಿಂದ ಒಳಬಂತು ಎಂದು ಕಾರಣ ಸಹಿತ ಹೇಳಬೇಕು. ಇದು ಘಟಕದ ತಿರುಳು. ಬೇರೆ ಶಾಲೆಗಳಲ್ಲಿ ಇದನ್ನು ನಡೆಸಲು ಬಯಸುವ ಸಹಪ್ರಶಿಕ್ಷಣಾರ್ಥಿಗಳಿಗಾಗಿ ಅಳತೆಗಳನ್ನೂ ಅನುಭವವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ವಸ್ತುವಿನ ಆಯ್ಕೆ

ಅಮೆರಿಕ, ಆಸ್ಟ್ರೇಲಿಯ ಮತ್ತು ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮಡಚುವ ಗಾಡಿಮನೆಗಳು ಬಳಕೆಯಲ್ಲಿವೆ. ರಸ್ತೆಯಲ್ಲಿ ಅದೊಂದು ತಗ್ಗಾದ ಪೆಟ್ಟಿಗೆ. ನಿಂತ ಕಡೆ ಬಿಚ್ಚಿದರೆ ಮಲಗುವ ಕೋಣೆ. ಅಮೆರಿಕದ ಇಂಡಿಯಾನಾ ರಾಜ್ಯದ ಲಾಯ್ಡ್ ಬಾಂಟ್ರೇಗರ್ 1968ರಲ್ಲಿ ಆರಂಭಿಸಿದ ಜೇಕೊ ಕಂಪನಿಯ ಮೊದಲ ಸರಕು ಇಂಥ ಮಡಚುವ ಟ್ರೇಲರ್. ಕಂಪನಿಗಳು ಮಾಡಿದ್ದನ್ನು ಕೊಳ್ಳದೆ, ಪ್ಲೈವುಡ್ ತಂದು ಮನೆಯ ಹಿಂದಿನ ಅಂಗಳದಲ್ಲಿ ತಾವೇ ಕಟ್ಟಿಕೊಳ್ಳುವವರೂ ಆ ದೇಶಗಳಲ್ಲಿ ಬಹಳ ಮಂದಿ ಇದ್ದಾರೆ.

ನನ್ನ ಪಾಠ ವೀಕ್ಷಣೆಗೆ ಬಂದ ಮಾರ್ಗದರ್ಶಕರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರು: “ಈ ಮಕ್ಕಳಲ್ಲಿ ಯಾರೂ ಕಂಡಿರದ ಗಾಡಿ ಏಕೆ? ತಲೆಯ ಮೇಲೆಯೇ ಹೆಂಚಿನ ಮಾಡು ಇದೆಯಲ್ಲ?” ನನ್ನ ಉತ್ತರ ಹೀಗಿತ್ತು. ಹೆಂಚಿನ ಮಾಡಿನಲ್ಲಿ ಸಮಸ್ಯೆ ಆಗಲೇ ಬಗೆಹರಿದಿದೆ. ಬಗೆಹರಿದ ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ. ಮಡಚುವ ವಸ್ತುವಿನಲ್ಲಿ ಕೂಡಿಕೆಗಳು ದಿನವೂ ತೆರೆದು ಮುಚ್ಚಬೇಕು. ಆದ್ದರಿಂದ ಅವುಗಳಿಗೆ ಅಂಟು ಮೆತ್ತಿ ಕೈತೊಳೆದುಕೊಳ್ಳುವಂತಿಲ್ಲ. ನೀರು ಹೇಗೆ ನಡೆಯುತ್ತದೆ ಎಂದು ಯೋಚಿಸಲೇಬೇಕು. ಅಲ್ಲಿಂದ ಹೆಂಚಿಗೆ ಮರಳಿದಾಗ ಮಕ್ಕಳು ಅದನ್ನು ಹೊಸದಾಗಿ ನೋಡುತ್ತಾರೆ.

ಪೂರ್ವಜ್ಞಾನ ಮತ್ತು ತಪ್ಪುಗ್ರಹಿಕೆ

“ಮಾಡು ಏಕೆ ಸೋರುತ್ತದೆ?” ಎಂದು ಕೇಳಿದಾಗ ಬಹುತೇಕ ಎಲ್ಲರ ಉತ್ತರ “ತೂತು ಇರುತ್ತದೆ” ಎಂದಾಗಿತ್ತು. “ಹಾಗಾದರೆ ಏನು ಮಾಡಬೇಕು?” ಎಂದರೆ “ಬಿಗಿಯಾಗಿ ಮುಚ್ಚಬೇಕು”. ನೀರು ಮೇಲಿನಿಂದ ಕೆಳಕ್ಕಷ್ಟೇ ಹರಿಯುತ್ತದೆ, ಸಂದು ಕಿರಿದಾದಷ್ಟೂ ನೀರು ಕಡಿಮೆ ಬರುತ್ತದೆ ಎಂಬ ಎರಡು ನಂಬಿಕೆಗಳು ಈ ಉತ್ತರದ ಹಿಂದೆ ಇವೆ. ಇವನ್ನು ಮಕ್ಕಳು ತಾವೇ ಪರೀಕ್ಷಿಸುವಂತೆ ಮಾಡುವುದು ಘಟಕದ ಮುಖ್ಯ ಕಲಿಕೋದ್ದೇಶ.

ಮೊದಲ ಹಂತ: ಮಡಚುವ ಗಣಿತ

ನಾವು ಆರಿಸಿಕೊಂಡದ್ದು ತ್ರಿಕೋನಾಕಾರದ ವಿನ್ಯಾಸ. ಪೆಟ್ಟಿಗೆಯ ಉದ್ದ 2.4 ಮೀ., ಅಗಲ 1.2 ಮೀ. ಇದು ಒಂದು ಪ್ಲೈವುಡ್ ಹಾಳೆಯ ಅಳತೆ. ಮುಂದಿನ ಅಂಚಿಗೊಂದು, ಹಿಂದಿನ ಅಂಚಿಗೊಂದು ಮಾಡಿನ ಹಲಗೆ ಕೀಲುಗಳ ಮೇಲೆ ಕೂತಿರುತ್ತದೆ. ಎರಡನ್ನೂ ಎತ್ತಿದರೆ ನಡುವೆ ಕೂಡಿ ಕೋಡು ಆಗುತ್ತದೆ. ಉದ್ದ ಬದಿಗಳಿಗೆ ಕೀಲಿಸಿದ ಎರಡು ತ್ರಿಕೋನ ಗೋಡೆಗಳು ಒಳಗಿನಿಂದ ಎದ್ದು ಮಾಡನ್ನು ಹೊತ್ತು ನಿಲ್ಲುತ್ತವೆ.

ಹಲಗೆಯ ಉದ್ದ 1.5 ಮೀ. ಇದ್ದರೆ ಕೋಡಿನ ಎತ್ತರ ಎಷ್ಟು? ತಳದ ಅರ್ಧ 1.2 ಮೀ., ಕರ್ಣ 1.5 ಮೀ.; ಉಳಿದ ಬಾಹು 0.9 ಮೀ. ಪೈಥಾಗೊರಸ್ ಪ್ರಮೇಯವನ್ನು ಇನ್ನೂ ಕಲಿಯದ ಮಕ್ಕಳು ಇದನ್ನು ಕಾಗದದ ಮೇಲೆ ಎಳೆದು ಅಳೆದರು. ಒಳಗೆ ನಿಲ್ಲುವಷ್ಟು ಎತ್ತರ ಬೇಕೆಂದು ಒಂದು ಗುಂಪು 2 ಮೀ. ಹಲಗೆ ಆರಿಸಿತು. ಆಗ ಕೋಡು 1.6 ಮೀ. ಎತ್ತರಕ್ಕೆ ಹೋಗುತ್ತದೆ. ಅದೇ ಗುಂಪಿನ ಹುಡುಗಿಯೊಬ್ಬಳು ದಿನಪತ್ರಿಕೆಯಲ್ಲಿ ತ್ರಿಕೋನ ಗೋಡೆ ಕತ್ತರಿಸಿ ಒಳಕ್ಕೆ ಮಡಚಿ ನೋಡಿ, “ಇದು ಪೆಟ್ಟಿಗೆಯಿಂದ ಆಚೆ ಬರುತ್ತದೆ” ಎಂದಳು. ಪೆಟ್ಟಿಗೆಯ ಅಗಲ 1.2 ಮೀ., ಗೋಡೆಯ ಎತ್ತರ 1.6 ಮೀ. ಗೋಡೆಯ ಎತ್ತರ ಪೆಟ್ಟಿಗೆಯ ಅಗಲವನ್ನು ಮೀರಬಾರದು ಎಂಬ ನಿಯಮವನ್ನು ಆಕೆಯೇ ಕಪ್ಪುಹಲಗೆಯ ಮೇಲೆ ಬರೆದಳು.

ಮಾದರಿಯನ್ನು 6ರಲ್ಲಿ 1 ಪಾಲಿಗೆ ಇಳಿಸಿದೆವು: ತಳ 40 ಸೆಂ.ಮೀ. × 20 ಸೆಂ.ಮೀ., ಹಲಗೆ 25 ಸೆಂ.ಮೀ., ಕೋಡು 15 ಸೆಂ.ಮೀ. ರಟ್ಟು, ಹಳೆಯ ಹತ್ತಿ ಬಟ್ಟೆ, ಮರಗೆಲಸದ ಜಲನಿರೋಧಕ ಅಂಟು, ಹೊರಗೋಡೆಗೆ ಬಳಿಯುವ ಬಣ್ಣ, ಇಷ್ಟು ಸಾಮಗ್ರಿ ಸಾಕಾಯಿತು.

ಮಡಚುವ ಕ್ರಮದಲ್ಲೂ ಒಂದು ಪಾಠವಿದೆ. ಮಡಚಿದಾಗ ಒಂದು ಹಲಗೆಯ ತುದಿ ಇನ್ನೊಂದರ ಮೇಲೆ ಮಲಗುತ್ತದೆ. ಮೇಲೆ ಮಲಗಿದ್ದು ಮೊದಲು ಏಳಬೇಕು. ಕೆಳಗಿನದು ಅದರ ಅಡಿಯಿಂದ ಎದ್ದು ಬಂದು ಕೂಡಬೇಕು. ಆದ್ದರಿಂದ ಕೋಡನ್ನು ಮುಚ್ಚುವ ‘ತುಟಿ’ ಮೇಲಿನ ಹಲಗೆಗೇ ಇರಬೇಕು. ಆ ಹಲಗೆ ಗಾಡಿಯ ಮುಂಭಾಗಕ್ಕೆ ಕೀಲಿಸಿದ್ದಾದರೆ ಅದರ ತೆರೆದ ಅಂಚು ಹಿಂದಕ್ಕೆ ನೋಡುತ್ತದೆ. ಓಡುವಾಗ ಎದುರು ಗಾಳಿ ತರುವ ಮಳೆ ಮೀನಿನ ಹುರುಪೆಯ ಮೇಲೆ ಜಾರುವಂತೆ ಜಾರಿಹೋಗುತ್ತದೆ.

ಎರಡನೇ ಹಂತ: ಹಲಗೆಗೆ ಮೈಗಾವಲು

ಪ್ಲೈವುಡ್ಡಿನ ಮುಖಕ್ಕಿಂತ ಅಂಚು ಹೆಚ್ಚು ನೀರು ಕುಡಿಯುತ್ತದೆ. ಅಲ್ಲಿ ಮರದ ಎಳೆಗಳ ತುದಿಗಳು ತೆರೆದಿರುತ್ತವೆ. ಒಂದು ತುಂಡನ್ನು ಬಣ್ಣದ ನೀರಿನಲ್ಲಿ ನಿಲ್ಲಿಸಿ ಮರುದಿನ ನೋಡಿದರೆ ಇದು ಕಾಣುತ್ತದೆ. ಆದ್ದರಿಂದ ಬಣ್ಣ ಮೊದಲು ಅಂಚಿಗೆ, ಮೊಳೆ ತೂತುಗಳಿಗೆ, ಆಮೇಲೆ ಮುಖಕ್ಕೆ.

ಸ್ವಂತವಾಗಿ ಗಾಡಿಮನೆ ಕಟ್ಟುವ ಅಮೆರಿಕನ್ನರು ‘ಬಡವನ ಫೈಬರ್‌ಗ್ಲಾಸ್’ ಎಂದು ಕರೆಯುವ ವಿಧಾನವೊಂದಿದೆ. ಹಲಗೆಗೆ ಅಂಟು ಬಳಿದು, ಹತ್ತಿಯ ದಪ್ಪ ಬಟ್ಟೆಯನ್ನು ಸುಕ್ಕಿಲ್ಲದಂತೆ ಹೊದಿಸಿ, ಮೇಲೆ ಮತ್ತೆ ಅಂಟು, ಒಣಗಿದ ಮೇಲೆ ಹಲವು ಸಲ ಹೊರಗೋಡೆಯ ಬಣ್ಣ. ಬಟ್ಟೆ ಬಣ್ಣವನ್ನು ಹಿಡಿದಿಟ್ಟು, ಹಲಗೆ ಬಿಸಿಲಿಗೆ ಹಿಗ್ಗಿ ಕುಗ್ಗಿದಾಗ ಬಿರುಕು ಬಿಡದಂತೆ ತಡೆಯುತ್ತದೆ. ಶಾಲೆಯಲ್ಲಿ ಬಳಸುವ ಸಾಮಾನ್ಯ ಬಿಳಿ ಅಂಟು ಇದಕ್ಕಾಗದು. ಅದು ನೀರಿನಲ್ಲಿ ಮತ್ತೆ ಮೆತ್ತಗಾಗುತ್ತದೆ. ಎರಡೂ ಅಂಟುಗಳಲ್ಲಿ ಬಟ್ಟೆ ಅಂಟಿಸಿದ ತುಂಡುಗಳನ್ನು ರಾತ್ರಿಯಿಡೀ ನೀರಿನಲ್ಲಿಟ್ಟು ಮಕ್ಕಳೇ ಇದನ್ನು ಕಂಡುಕೊಂಡರು.

ಮೂರನೇ ಹಂತ: ಅಳತೆಯ ಮಳೆ

ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. ನಿಜ ಗಾತ್ರದ ಗಾಡಿ ಆವರಿಸುವ ನೆಲ 2.88 ಚದರ ಮೀಟರ್. 10 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವುದು 28.8 ಲೀಟರ್, ಎಂದರೆ ಎರಡು ಬಕೆಟ್ಟಿಗೆ ಹತ್ತಿರ. ನಮ್ಮ ಮಾದರಿಯ ತಳ 800 ಚದರ ಸೆಂ.ಮೀ. ಆದ್ದರಿಂದ ಅದೇ 10 ಮಿ.ಮೀ. ಮಳೆಗೆ 800 ಮಿ.ಲೀ. ನೀರು. ಗಿಡಗಳಿಗೆ ಹನಿಸುವ ಕ್ಯಾನಿನಲ್ಲಿ ನೀಲಿ ಬೆರೆಸಿದ 800 ಮಿ.ಲೀ. ನೀರು ತುಂಬಿ ಸುರಿದೆವು. ಪೆಟ್ಟಿಗೆಯೊಳಗೆ ಮೊದಲೇ ಬಿಳಿ ಕಾಗದ ಹಾಸಿತ್ತು.

ಅರ್ಧದಷ್ಟು ಗುಂಪುಗಳು ಕೋಡಿನ ತುಟಿಯನ್ನು ಕೆಳಗಿನ ಹಲಗೆಗೆ ಒತ್ತಿ ಕೂರುವಂತೆ ಮಾಡಿದ್ದವು. ಉಳಿದವರಿಗೆ ನಾನು ತುಟಿಯ ಅಡಿ ಪೆನ್ಸಿಲ್ ದಪ್ಪದ ಸಂದು ಬಿಡಲು ಹೇಳಿದ್ದೆ. ಸುರಿಯುವ ಮೊದಲು ಯಾವುದು ಸೋರುತ್ತದೆ ಎಂದು ಬರೆದಿಡಲು ತಿಳಿಸಿದೆ. ಸಂದು ಬಿಟ್ಟದ್ದೇ ಸೋರುತ್ತದೆ ಎಂದು ಹೆಚ್ಚಿನವರು ಬರೆದರು. ಕಾಗದ ತೆಗೆದಾಗ ನೀಲಿ ಗೆರೆ ಮೂಡಿದ್ದು ಒತ್ತಿ ಕೂರಿಸಿದ ಮಾದರಿಗಳಲ್ಲಿ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ವಿವರಣೆಗೆ ಇದೇ ತಕ್ಕ ಸಮಯ. ಇದಕ್ಕೂ ಮೊದಲು ಕಾರಣ ಹೇಳಿಬಿಡಬಾರದು.

ನಾಲ್ಕನೇ ಹಂತ: ವಿವರಣೆ

ಎರಡು ಗಾಜಿನ ಫಲಕಗಳನ್ನು ಜೋಡಿಸಿ, ಒಂದು ಪಕ್ಕದಲ್ಲಿ ನಡುವೆ ಬೆಂಕಿಕಡ್ಡಿ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಬಣ್ಣದ ನೀರಿನ ತಟ್ಟೆಯಲ್ಲಿ ನಿಲ್ಲಿಸಬೇಕು. ಫಲಕಗಳು ತಾಗಿಕೊಂಡಿರುವ ಕಡೆ ನೀರು ಎತ್ತರಕ್ಕೆ ಏರುತ್ತದೆ. ಕಡ್ಡಿಯಿರುವ ಕಡೆ ಅಲ್ಪವೇ ಏರುತ್ತದೆ. ನಡುವೆ ಸುಂದರವಾದ ವಕ್ರರೇಖೆ ಮೂಡುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವುದು ಇದೇ ಕೇಶಾಕರ್ಷಣೆಯಿಂದ. ನೀರು ಗಾಜಿಗೆ ಅಂಟಿಕೊಳ್ಳುತ್ತದೆ, ಮೇಲ್ಮೈ ಎಳೆತ ಅದನ್ನು ಮೇಲಕ್ಕೆತ್ತುತ್ತದೆ, ಎತ್ತಿದ ನೀರಿನ ಭಾರ ಅದನ್ನು ಕೆಳಕ್ಕೆಳೆಯುತ್ತದೆ. ಸಂದು ಕಿರಿದಾದಷ್ಟೂ ಎತ್ತಬೇಕಾದ ನೀರು ಕಡಿಮೆ. ಆದ್ದರಿಂದ ಏರಿಕೆ ಹೆಚ್ಚು.

ಶಿಕ್ಷಕರ ತಿಳಿವಳಿಕೆಗಾಗಿ ಲೆಕ್ಕ ಹೀಗಿದೆ. ಸ್ವಚ್ಛ ಗಾಜಿನ ನಡುವೆ ಸಂದು 0.1 ಮಿ.ಮೀ. ಇದ್ದರೆ ನೀರು ಸುಮಾರು 15 ಸೆಂ.ಮೀ. ಏರಬಲ್ಲದು, 0.5 ಮಿ.ಮೀ. ಆದರೆ 3 ಸೆಂ.ಮೀ.; 1 ಮಿ.ಮೀ. ಆದರೆ 1.5 ಸೆಂ.ಮೀ.; 5 ಮಿ.ಮೀ. ಆದರೆ ಬರೀ 3 ಮಿ.ಮೀ. ನಮ್ಮ ಮಾಡಿನ ಇಳಿಜಾರು ಸುಮಾರು 37 ಡಿಗ್ರಿ. ಆ ಇಳಿಜಾರಿನಲ್ಲಿ 3 ಸೆಂ.ಮೀ. ಎತ್ತರ ಏರುವ ನೀರು ಹಲಗೆಯ ಗುಂಟ ಸುಮಾರು 5 ಸೆಂ.ಮೀ. ಹತ್ತುತ್ತದೆ. ಮೂರು ಸೆಂ.ಮೀ. ಅಗಲದ ತುಟಿಯನ್ನು ಅದು ದಾಟಿಬಿಡಬಲ್ಲದು. ಬಣ್ಣ ಬಳಿದ ಮೈಯಲ್ಲಿ ಏರಿಕೆ ಗಾಜಿಗಿಂತ ಕಡಿಮೆ, ಆದರೆ ನಡೆಯುವ ರೀತಿ ಅದೇ.

ಇಲ್ಲಿ ಒಂದು ಎಚ್ಚರಿಕೆ. ಗಾಡಿಯನ್ನು ಆರು ಪಟ್ಟು ಚಿಕ್ಕದು ಮಾಡಬಹುದು, ನೀರಿನ ಹನಿಯನ್ನು ಹಾಗೆ ಮಾಡಲಾಗದು. ಆದ್ದರಿಂದ ಸಂದಿನ ಅಳತೆಯನ್ನು ಮಾತ್ರ ಮಾದರಿಯಲ್ಲೂ ನಿಜ ಗಾತ್ರದಲ್ಲೇ ಇಡಬೇಕು.

ಐದನೇ ಹಂತ: ವಿಸ್ತರಣೆ

ಈಗ ಮಕ್ಕಳನ್ನು ಶಾಲೆಯ ಜಗಲಿಗೆ ಕರೆದೊಯ್ದೆ. ಕಿಟಕಿಯ ಸಜ್ಜಾದ ಅಡಿಯಲ್ಲಿ ಅಂಚಿನ ಹತ್ತಿರ ಮೇಸ್ತ್ರಿ ಎಳೆದ ಗೆರೆಯನ್ನು ತೋರಿಸಿ, ಇದು ಏಕೆ ಎಂದು ಕೇಳಿದೆ. ಅಡಿಮೈಗೆ ಅಂಟಿಕೊಂಡು ಒಳಕ್ಕೆ ತೆವಳುವ ನೀರು ಆ ಗೆರೆಯಲ್ಲಿ ಹನಿಯಾಗಿ ಉದುರುತ್ತದೆ. ನಂತರ ಒಂದು ಮಂಗಳೂರು ಹೆಂಚನ್ನು ಕೈಗೆ ಕೊಟ್ಟೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ 1865ರಲ್ಲಿ ಆರಂಭವಾಯಿತು. ದಿನವೂ ತಲೆಯ ಮೇಲಿರುವ ಅದರ ಏಣು ಕಾಲುವೆಗಳನ್ನು ಮಕ್ಕಳು ಬೆರಳಾಡಿಸಿ ನೋಡಿದ್ದು ಅಂದೇ. ಹೆಂಚುಗಳು ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ಏಣುಗಳ ಮೇಲೆ ಕೂತು, ನಡುವೆ ಜಾಗ ಬಿಟ್ಟು, ಒಳನುಗ್ಗಿದ ನೀರನ್ನೂ ಕಾಲುವೆಯಲ್ಲಿ ಹೊರಗೆ ಕಳಿಸುತ್ತವೆ.

ಇದರ ಆಧಾರದಲ್ಲಿ ತರಗತಿ ಮೂರು ಸೂತ್ರಗಳನ್ನು ಬರೆಯಿತು. ಒಂದು, ಮೇಲಿನದು ಕೆಳಗಿನದರ ಮೇಲೆ ಹೊದ್ದಿರಲಿ. ಎರಡು, ಕೂಡಿಕೆಯಲ್ಲಿ ಕಿರುಬೆರಳು ಹೋಗುವಷ್ಟು ಸಂದು ಇರಲಿ, ಇಲ್ಲವೇ ಒತ್ತಿದರೆ ಕುಗ್ಗುವ ರಬ್ಬರ್ ಪಟ್ಟಿಯಿಂದ ಪೂರ್ತಿ ತುಂಬಿರಲಿ. ನಡುವಿನ ಸ್ಥಿತಿ ಬೇಡ. ಮೂರು, ತುಟಿಯ ಅಡಿಗೆ ಹನಿಗೆರೆ ಇರಲಿ. ಕೀಲುಗಳ ಸಾಲಿನ ಮೇಲೆ ರಬ್ಬರ್ ಹಾಳೆಯ ಸೆರಗು ಇಳಿಬಿಡುವುದೂ ಮೊದಲ ಸೂತ್ರದ ಅನ್ವಯವೇ.

ಗಾಳಿಯ ವಿಷಯ ಬಿಡುವಂತಿಲ್ಲ. ಒಂದು ತೂತೂ ಇಲ್ಲದ ಗಾಡಿಮನೆಯೂ ಬೆಳಗಾಗುವಷ್ಟರಲ್ಲಿ ಒಳಗೆ ತೇವವಾಗಿರುತ್ತದೆ. ಮಲಗಿದವರ ಉಸಿರಿನ ಆವಿ ತಣ್ಣನೆಯ ಹಲಗೆಗೆ ತಾಗಿ ಹನಿಗಟ್ಟುತ್ತದೆ. ಕೆಳಗೊಂದು, ಮೇಲೊಂದು, ಮಳೆಗೆ ಮರೆಯಿರುವ ಗಾಳಿಕಿಂಡಿ ಬೇಕು. ಮುಚ್ಚಿದ ಇಂಥ ಜಾಗದಲ್ಲಿ ಒಲೆ, ಕೆಂಡ ಇಡಲೇಬಾರದು. ಅದರಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಚಳಿಗೆ ಕೆಂಡದ ಬೋಗುಣಿ ಒಳಗಿಟ್ಟು ಮಲಗುವ ಮನೆಗಳಿಂದಲೂ ಮಕ್ಕಳು ಬರುತ್ತಾರಾದ್ದರಿಂದ ಇದನ್ನು ನಿಧಾನವಾಗಿ, ಎರಡು ಸಲ ಹೇಳಿದೆ.

ಮೌಲ್ಯಮಾಪನ

ಲಿಖಿತ ಪ್ರಶ್ನೆಗಳಿಗಿಂತ ಹೆಚ್ಚು ತಿಳಿಸಿದ್ದು ಒಬ್ಬ ಹುಡುಗನ ವರದಿ. ಅವರ ಮನೆಯ ಹಿಂಬದಿಯ ಮಾಡಿಗೆ ಎರಡು ಟಾರ್ಪಾಲುಗಳನ್ನು ಒಂದರ ಮೇಲೊಂದು ಹೊದಿಸಿ, ಕೂಡಿಕೆ ಬಿಗಿಯಾಗಿರಲೆಂದು ಸಾಲಾಗಿ ಕಲ್ಲು ಹೇರಿದ್ದರು. ಪ್ರತಿ ಮಳೆಗೂ ಅಜ್ಜಿಯ ಹಾಸಿಗೆ ಜರುಗಿಸಬೇಕಾಗುತ್ತಿತ್ತು. ಅವನು ತಂದೆಯೊಂದಿಗೆ ಸೇರಿ ಕೆಳಗಿನ ಟಾರ್ಪಾಲಿನ ಮೇಲಂಚನ್ನು ಒಂದು ಅಡಿಕೆ ದಬ್ಬೆಗೆ ಸುತ್ತಿ ಎತ್ತರಿಸಿದ, ಕಲ್ಲುಗಳನ್ನು ಕೂಡಿಕೆಯಿಂದ ತೆಗೆದು ಹಗ್ಗಕ್ಕೆ ಕಟ್ಟಿ ಅಂಚಿನಿಂದಾಚೆ ತೂಗುಬಿಟ್ಟ. ಮುಂದಿನ ಎರಡು ಮಳೆಗೆ ಹಾಸಿಗೆ ಅಲ್ಲೇ ಉಳಿಯಿತು ಎಂದು ಬರೆದು, ಕೆಳಗೆ ಕಾರಣವನ್ನೂ ಸೇರಿಸಿದ್ದ: “ಕಲ್ಲು ಒತ್ತಿದ್ದರಿಂದ ಬತ್ತಿಯ ಹಾಗೆ ನೀರು ಹತ್ತುತ್ತಿತ್ತು.” ಈ ವಾಕ್ಯವನ್ನು ನಾನು ಕಲಿಸಿರಲಿಲ್ಲ.

ಘಟಕ ನಡೆಸುವವರಿಗೆ ಮೂರು ಸಲಹೆಗಳು. ಬಟ್ಟೆ ಅಂಟಿಸಿದ ಹಲಗೆ ಒಣಗಲು ಎರಡು ದಿನ ಬೇಕು. ವಾರಾಂತ್ಯ ನಡುವೆ ಬರುವಂತೆ ಅವಧಿಗಳನ್ನು ಹೊಂದಿಸಿಕೊಳ್ಳಿ. ಗಾಜಿನ ಅಂಚುಗಳಿಗೆ ಟೇಪು ಸುತ್ತಿ. ಒದ್ದೆ ಮಾದರಿಯನ್ನು ಮಡಚಿ ಕಪಾಟಿನಲ್ಲಿಡಬೇಡಿ, ಬೂಷ್ಟು ಹಿಡಿಯುತ್ತದೆ. ನಿಜವಾದ ಗಾಡಿಮನೆಗೂ ಇದೇ ನಿಯಮ. ಕೊನೆಯ ಅವಧಿಗೆ ಈ ಪ್ರಶ್ನೆ ಉಪಯೋಗವಾಗಬಹುದು: ಛತ್ರಿಯ ಬಟ್ಟೆಯಲ್ಲಿ ಸಾವಿರಾರು ಸಣ್ಣ ರಂಧ್ರಗಳಿದ್ದರೂ ಅದು ಸೋರುವುದಿಲ್ಲ, ಒಳಗಿನಿಂದ ಒದ್ದೆ ಬೆರಳು ಒತ್ತಿದರೆ ಕೆಲವೊಮ್ಮೆ ಅಲ್ಲಿ ಹನಿಯುತ್ತದೆ. ಏಕೆ?