ಹಳೆಯದಾಗುವ ತನಕ ಕಾಯಬೇಡ

ಹೊಸ ಲ್ಯಾಪ್‌ಟಾಪ್ ಕೊಂಡ ತಮ್ಮನಿಗೋ ತಂಗಿಗೋ, ಆಶೀರ್ವಾದಗಳು.

ಜೊತೆಗೆ ಬಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಬೇಕೆಂದು ನಿನಗೆ ಆಸೆ. "ಈಗಷ್ಟೇ ತಂದದ್ದು, ಸ್ವಲ್ಪ ಹಳೆಯದಾಗಲಿ" ಎಂದು ಮನೆಯವರು ತಡೆಯುತ್ತಾರೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಬದಲಿಸುವುದಿದ್ದರೆ ಹೊಸತಿರುವಾಗಲೇ ಬದಲಿಸು. ಇನ್‌ಸ್ಟಾಲ್ ಮಾಡುವುದು ದೊಡ್ಡ ಕೆಲಸವೇನಲ್ಲ. ಒಗ್ಗಿಹೋದದ್ದನ್ನು ಬಿಡುವುದೇ ಕಷ್ಟ. ಎರಡು ವರ್ಷ ಕಳೆದರೆ ಫೋಟೊ, ಪ್ರಾಜೆಕ್ಟ್, ಪಾಸ್‌ವರ್ಡ್‌ಗಳೆಲ್ಲ ಅದರೊಳಗೆ ಬೇರುಬಿಟ್ಟಿರುತ್ತವೆ. ಇವತ್ತು ಡಿಸ್ಕ್ ಖಾಲಿ. ಕೆಲಸ ಕೆಟ್ಟರೂ ಹೋಗುವುದು ಒಂದು ಭಾನುವಾರ ಅಷ್ಟೆ.

ಕಂಪನಿಯೇ ಹಾಕಿಕೊಟ್ಟದ್ದಕ್ಕಿಂತ ಚೊಕ್ಕಟವಾದದ್ದು ಉಂಟೇ ಎಂದು ಕೇಳುವವರಿಗೆ 2015ರ ಕಥೆ ಗೊತ್ತಿರಲಿಕ್ಕಿಲ್ಲ. ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ತುಂಬಿ ಮಾರಿದ್ದು ಆ ಫೆಬ್ರವರಿಯಲ್ಲಿ ಬಯಲಾಯಿತು. ಅದು ತನ್ನದೇ ರೂಟ್ ಸರ್ಟಿಫಿಕೇಟ್ ನೆಟ್ಟು, ಬೀಗ ಹಾಕಿದ ವೆಬ್ ಸಂಪರ್ಕದ ನಡುವೆಯೂ ಕೂರುತ್ತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೀಲಿ ಇದ್ದುದರಿಂದ, ಆ ಕೀಲಿ ಸಿಕ್ಕವನು ಬ್ಯಾಂಕಿನ ವೇಷ ಹಾಕಬಹುದಿತ್ತು. ಈ ಪ್ರಕರಣದಲ್ಲಿ ಕಂಪನಿ 2017ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಯಾಯಿತು. ಹಾಗಾದರೆ ಫಾರ್ಮ್ಯಾಟ್ ಮಾಡಿ ವಿಂಡೋಸನ್ನೇ ಹೊಸದಾಗಿ ಹಾಕಿದರೆ ಸಾಲದೇ? ಬಹುಮಟ್ಟಿಗೆ ಸಾಕು. ಆದರೆ 2015ರಲ್ಲೇ ಅದೇ ಕಂಪನಿಯ ಇನ್ನೊಂದು ತಂತ್ರಾಂಶ, ಫಾರ್ಮ್ಯಾಟ್ ಆದ ಮೇಲೂ ಫರ್ಮ್‌ವೇರ್‌ನಿಂದ ಎದ್ದುಬರುತ್ತಿತ್ತು. ಅದಕ್ಕೆ ಬಾಗಿಲು ತೆರೆದದ್ದು ವಿಂಡೋಸ್‌ನಲ್ಲೇ ಇರುವ ಒಂದು ಸೌಲಭ್ಯ. ಎರಡನ್ನೂ ಕಂಪನಿ ಹಿಂತೆಗೆದುಕೊಂಡಿತು, ನಿಜ. ಆ ಸೌಲಭ್ಯ ಮಾತ್ರ ಉಳಿದಿದೆ.

"ವಿಂಡೋಸಿಗೆ ದುಡ್ಡು ಕೊಟ್ಟಾಗಿದೆಯಲ್ಲ?" ಅದು ಹಾಳಾಗುವುದಿಲ್ಲ. ವಿಂಡೋಸ್ 8ರ ಕಾಲದಿಂದ ಲೈಸೆನ್ಸ್ ಕೀಲಿಯನ್ನು ಸಾಮಾನ್ಯವಾಗಿ ಫರ್ಮ್‌ವೇರ್‌ನಲ್ಲೇ ಬರೆದಿರುತ್ತಾರೆ. ನಾಳೆ ಮನಸ್ಸು ಬದಲಾದರೆ ಅದೇ ಆವೃತ್ತಿಯನ್ನು ಮತ್ತೆ ಹಾಕಿಕೊಂಡು ನೆಟ್‌ಗೆ ಜೋಡಿಸು, ತಾನೇ ಸಕ್ರಿಯವಾಗುತ್ತದೆ. ಜೊತೆಗೆ ಆಫೀಸ್ ಬಂದಿದ್ದರೆ ಅದರ ಕಥೆ ಬೇರೆ: ಅಳಿಸುವ ಮುಂಚೆ ಅದನ್ನು ನಿನ್ನ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಕೊ. ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವೆಯಾದರೆ ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊ. ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ನಿನ್ನನ್ನು ಕೇಳದೆಯೇ ಬೀಗ ಬಿದ್ದಿರುವುದುಂಟು. ಬೂಟ್ ವ್ಯವಸ್ಥೆ ಕದಲಿದರೆ ಅದು ಮೊದಲು ಕೇಳುವುದೇ ಆ ಕೀಲಿಯನ್ನು.

ನಾನು ತಳ್ಳಿಹಾಕಲಾರದ ಆಕ್ಷೇಪ ಒಂದಿದೆ. ತೀರ ಹೊಸ ಯಂತ್ರದ ವೈಫೈ, ಬೆರಳಚ್ಚು ಓದುವ ಭಾಗ, ಕೆಲವೊಮ್ಮೆ ಸ್ಪೀಕರ್ ಕೂಡ ಲಿನಕ್ಸ್‌ಗೆ ಇನ್ನೂ ಪರಿಚಯವಾಗಿರುವುದಿಲ್ಲ. "ಸ್ವಲ್ಪ ಹಳೆಯದಾಗಲಿ" ಎಂಬ ಮಾತಿಗೆ ತೂಕ ಇರುವುದು ಇಲ್ಲಿ ಮಾತ್ರ. ಆದರೂ ಇದನ್ನು ಊಹಿಸುತ್ತ ಕೂರಬೇಕಿಲ್ಲ. ಉಬುಂಟು ಅಥವಾ ಮಿಂಟ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಚಾಲೂ ಮಾಡಿದರೆ, ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಬಹುದು. ಸದ್ದು ಬರಲಿಲ್ಲವೋ, ಆರು ತಿಂಗಳು ತಡೆ.

ಕನ್ನಡದ ಮಾತು ಉಳಿಯಿತು. ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ, ಯೂನಿಕೋಡ್ ಬರೆಯಲು ಏನೂ ತೊಂದರೆಯಿಲ್ಲ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕಡತಗಳೇ ತಲೆನೋವು. ಫಾಂಟ್ ಇಲ್ಲದಿದ್ದರೆ ಕಾಣುವುದು ಬರೀ ಕಲಸುಮೇಲೋಗರ. ಅಂಥವು ದಿನವೂ ಕೈಗೆ ಬರುವ ಮುದ್ರಣದ ಕೆಲಸವೋ, ಟ್ಯಾಲಿಯ ಲೆಕ್ಕವೋ ನಿನ್ನದಾದರೆ ವಿಂಡೋಸ್ ಇರಲಿ, ಪಕ್ಕದಲ್ಲಿ ಲಿನಕ್ಸ್‌ಗೆ ಜಾಗ ಮಾಡು. ಓದುವ ಹುಡುಗರಿಗೆ ಇದೆಲ್ಲ ಕಷ್ಟ ಎನ್ನುವವರಿಗೆ ಪಕ್ಕದ ಕೇರಳವನ್ನು ತೋರಿಸು: ಅಲ್ಲಿನ ಸರ್ಕಾರಿ ಶಾಲೆಯ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುತ್ತಿರುವುದು ಲಿನಕ್ಸ್‌ನಲ್ಲೇ. ಇನ್ನು ಶುರು ಮಾಡು; ಮೇಲೆ ಹೇಳಿದ ಪರೀಕ್ಷೆಗೆ ಪೆನ್‌ಡ್ರೈವ್ 8 ಜಿಬಿಯದ್ದಾದರೆ ಸಾಕು.

ಇತಿ,
ನಿನ್ನ ಹಿರಿಯ