ಲೂಪಸ್ ರೋಗವೂ ರಕ್ತಪರೀಕ್ಷೆಯ ಕಾಗದವೂ

ಕಳೆದ ತಿಂಗಳು ಒಂದು ಸಂಜೆ ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಸದಸ್ಯರೊಬ್ಬರು ರಕ್ತಪರೀಕ್ಷೆಯ ಕಾಗದವೊಂದನ್ನು ಹಿಡಿದುಕೊಂಡು ಬಂದರು. ಅವರ ಮಡದಿಗೆ ಎರಡು ತಿಂಗಳಿಂದ ಬೆರಳ ಗೆಣ್ಣುಗಳಲ್ಲಿ ನೋವು. ಕಾಗದದಲ್ಲಿ ‘ಎ.ಎನ್.ಎ. ಪಾಸಿಟಿವ್, 1:80’ ಎಂದಿತ್ತು. ಡಾಕ್ಟರರ ಭೇಟಿಗೆ ಇನ್ನೂ ನಾಲ್ಕು ದಿನ. ಅಷ್ಟರೊಳಗೆ ಚಾಳಿನಲ್ಲಿ ಯಾರೋ ತಿಳಿದವರು “ಇದು ಲೂಪಸ್, ಜೀವಮಾನದ ಕಾಯಿಲೆ” ಎಂದುಬಿಟ್ಟಿದ್ದರು. “ಊರಿಗೆ ಕಳಿಸಿಬಿಡಲೇ ಸ್ವಾಮಿ?” ಎಂದು ಅವರು ಕೇಳಿದಾಗ ನಮಗೆ ಉತ್ತರ ತೋಚಲಿಲ್ಲ. ನಾವು ವೈದ್ಯರಲ್ಲ. ಆದರೂ ಆ ಮೂರಕ್ಷರಗಳ ಹಿಂದೆ ಏನಿದೆಯೆಂಬುದನ್ನು ಓದಿ, ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಇಂಥ ಕಾಗದ ಇಂದು ಒಬ್ಬರ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬರ ಕೈಗೆ ಬರತಕ್ಕದ್ದೇ.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ತೋಳ ಕಚ್ಚಿದಂತೆ ಕಾಣುವ ಮುಖದ ಹುಣ್ಣುಗಳಿಗೆ ಯೂರೋಪಿನ ಹಳೆಯ ವೈದ್ಯರು ಇಟ್ಟ ಹೆಸರು ಅದು. ರೋಗವು ಚರ್ಮಕ್ಕೇ ನಿಲ್ಲದೆ ಕೀಲು, ಮೂತ್ರಪಿಂಡ, ಶ್ವಾಸಕೋಶ, ಮಿದುಳು, ಎಲ್ಲಿಗಾದರೂ ಕೈಚಾಚೀತೆಂಬುದು ಆಮೇಲೆ ತಿಳಿಯಿತು. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರು. ಅವರಲ್ಲಿಯೂ ಹೆಚ್ಚಿನವರು ಮಕ್ಕಳನ್ನು ಹೆರುವ ವಯಸ್ಸಿನವರು.

ರಕ್ತದಲ್ಲಿ ಬಿ ಕೋಶಗಳೆಂಬ ಒಂದು ಜಾತಿಯ ಬಿಳಿಯ ಕಣಗಳುಂಟು. ರೋಗಾಣು ಒಳಹೊಕ್ಕಾಗ ಅದರ ಮೈಗೆ ಸರಿಯಾಗಿ ಕಚ್ಚಿಕೊಳ್ಳುವ ಪ್ರೋಟೀನೊಂದು ಇವುಗಳಿಂದ ತಯಾರಾಗುತ್ತದೆ. ಅದೇ ಪ್ರತಿಕಾಯ. ದಡಾರದ ಚುಚ್ಚುಮದ್ದು ಹಾಕಿಸಿದ ಮಗುವನ್ನು ದಡಾರದಿಂದ ಕಾಯುವುದರಲ್ಲಿ ಇದರ ಪಾಲು ದೊಡ್ಡದು. ಪರರಿಗೆ ಬದಲಾಗಿ ತನ್ನ ದೇಹದ ವಸ್ತುವಿಗೇ ಕಚ್ಚಿಕೊಳ್ಳುವ ಪ್ರತಿಕಾಯವನ್ನು ಸ್ವಪ್ರತಿಕಾಯ ಎನ್ನೋಣ. ದೇಹವು ಹೀಗೆ ತನಗೆ ತಾನೇ ವಿಷವಾಗಲು ಒಲ್ಲದು ಎಂದು ಜರ್ಮನಿಯ ಪಾಲ್ ಎರ್ಲಿಖ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೇಳಿದ್ದರು. ದೊಡ್ಡವರ ಮಾತು, ಬಹುಕಾಲ ಹೆಚ್ಚಿನವರು ಅದನ್ನೇ ನಂಬಿಕೊಂಡಿದ್ದರು.

1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು ಲೂಪಸ್ ರೋಗಿಗಳ ಎಲುಬಿನ ಮಜ್ಜೆಯಲ್ಲಿ ಒಂದು ವಿಚಿತ್ರ ಕಣವನ್ನು ಕಂಡರು: ಮತ್ತೊಂದು ಕೋಶದ ನಡುಗಂಟನ್ನೇ, ಅಂದರೆ ಕೋಶಕೇಂದ್ರವನ್ನೇ, ನುಂಗಿ ಉಬ್ಬಿಕೊಂಡಿದ್ದ ಬಿಳಿಯ ಕಣ. ಹಾಗೆ ನುಂಗಲು ಕಾರಣ ರೋಗಿಯ ರಕ್ತದಲ್ಲಿದ್ದ, ಕೋಶಕೇಂದ್ರಕ್ಕೆ ಅಂಟಿಕೊಳ್ಳುವ ಪ್ರತಿಕಾಯವೆಂದು ಮುಂದೆ ಗೊತ್ತಾಯಿತು. 1957ರಲ್ಲಿ ಬೇರೆಬೇರೆ ಪ್ರಯೋಗಶಾಲೆಗಳವರು, ಕೋಶಕೇಂದ್ರದೊಳಗಿನ ಡಿ.ಎನ್.ಎ.ಗೇ ವಿರುದ್ಧವಾದ ಪ್ರತಿಕಾಯಗಳು ಈ ರೋಗಿಗಳಲ್ಲಿವೆಯೆಂದು ತೋರಿಸಿದರು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಹೇಳಿ ಇಲ್ಲಿಗೆ ಮುಗಿಸುವವರುಂಟು. ಗಾದೆ ಸರಿಯೇ; ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಡಿ.ಎನ್.ಎ. ಇರುವುದು ಕೋಶದ ಒಳಮನೆಯಲ್ಲಿ, ಪ್ರತಿಕಾಯ ತಿರುಗುವುದು ಹೊರಗಿನ ಬೀದಿಯಲ್ಲಿ. ಇವೆರಡೂ ಭೇಟಿಯಾಗುವುದೆಲ್ಲಿ?

ದೇಹದಲ್ಲಿ ಪ್ರತಿದಿನವೂ ಅಸಂಖ್ಯ ಕೋಶಗಳು ಸಾಯುತ್ತವೆ. ಅವುಗಳ ಅವಶೇಷವನ್ನು ಎತ್ತಿ ಸಾಗಿಸುವ ವ್ಯವಸ್ಥೆ ಇದೆ. ನಮ್ಮ ಓಣಿಯಲ್ಲಿ ನಾಲ್ಕು ದಿನ ಕಸದ ಗಾಡಿ ಬಾರದಿದ್ದರೆ ಏನಾಗುತ್ತದೆಂಬುದನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಲೂಪಸ್ಸಿನಲ್ಲಿ ಈ ಸಾಗಾಟವೇ ನಿಧಾನ. ಒಡೆದ ಕೋಶಗಳ ಒಳವಸ್ತು ಹೊರಬಿದ್ದು ಕಾಯುವವರ ಕಣ್ಣಿಗೆ ಬೀಳುತ್ತದೆ. ಅವರು ಅದನ್ನು ಪರವಸ್ತುವೆಂದು ಬಗೆಯುತ್ತಾರೆ. ಈ ಸಾಗಾಟದಲ್ಲಿ ನೆರವಾಗುವ ಸಿ1ಕ್ಯೂ ಎಂಬ ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಕೆಲವೇ ಮಂದಿ ಲೋಕದಲ್ಲಿದ್ದಾರೆ. ಅವರಲ್ಲಿ ಬಹುಪಾಲಿನವರಿಗೆ ಲೂಪಸ್ ಅಥವಾ ಅದನ್ನೇ ಹೋಲುವ ರೋಗ ಬರುತ್ತದೆ. ಹುಟ್ಟಿನ ಒಲವು, ಬಿಸಿಲು, ಸ್ತ್ರೀಯರ ಹಾರ್ಮೋನು ಮುಂತಾದವೂ ಕೂಡಿಕೊಳ್ಳುತ್ತವೆ. ಒಂದೇ ಕಾರಣವೆಂದು ಬೆರಳಿಟ್ಟು ತೋರಿಸುವಂತಿಲ್ಲ.

ಹೀಗೆ ಪ್ರತಿಕಾಯವೂ ಕೋಶದ ತುಣುಕೂ ಅಂಟಿಕೊಂಡು ಆದ ಗಂಟುಗಳು ರಕ್ತದೊಡನೆ ಹರಿದು ಸಣ್ಣ ನಾಳಗಳಲ್ಲಿ ಕೂಡುತ್ತವೆ. ಒಂದೊಂದು ಮೂತ್ರಪಿಂಡದಲ್ಲಿಯೂ ಹತ್ತಿರ ಹತ್ತಿರ 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಗಂಟುಗಳು ಅಲ್ಲಿ ಕುಳಿತು, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳನ್ನು ಕೆರಳಿಸಿ ಉರಿಯೂತವನ್ನು ಉಂಟುಮಾಡುತ್ತವೆ. ಕೆಲವೆಡೆ ಪ್ರತಿಕಾಯವು ನೇರವಾಗಿ ಜರಡಿಗೇ ಅಂಟುವುದೂ ಉಂಟು. ಕಾಂಪ್ಲಿಮೆಂಟು ಅಲ್ಲಿ ಖರ್ಚಾಗುವುದರಿಂದಲೇ ರೋಗ ಕೆರಳಿದಾಗ ಕಾಗದದಲ್ಲಿ ಸಿ3, ಸಿ4 ಕಡಿಮೆಯೆಂದು ಬರುತ್ತದೆ. ಜರಡಿ ಹರಿದಾಗ ಮೂತ್ರದಲ್ಲಿ ಪ್ರೋಟೀನು ಸೋರುತ್ತದೆ, ನೊರೆ ನಿಲ್ಲುತ್ತದೆ, ಪಾದ ಬಾಯುತ್ತದೆ. ನೋವು ಮಾತ್ರ ಇರುವುದಿಲ್ಲ, ಅದೇ ಕಷ್ಟ. ದಿನವಿಡೀ ನಿಂತು ಕೆಲಸಮಾಡುವವರು ಕಾಲು ಬಾತರೆ ನಿಂತದ್ದಕ್ಕೇ ಎಂದುಕೊಂಡು ತಿಂಗಳುಗಳನ್ನು ಕಳೆಯುತ್ತಾರೆ. ಒಂದು ಮೂತ್ರಪರೀಕ್ಷೆಗೆ ಆಗುವ ವೆಚ್ಚ ಅಲ್ಪ.

ಸ್ವಪ್ರತಿಕಾಯವೇ ಕೆಡುಕು ಮಾಡಬಲ್ಲುದು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಎಳೆಯ ಕೂಸು. ತಾಯಿಯ ರಕ್ತದಲ್ಲಿ ‘ರೋ’ ಎಂಬ ವಸ್ತುವಿಗೆ ವಿರುದ್ಧವಾದ ಪ್ರತಿಕಾಯವಿದ್ದರೆ ಅದು ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಕೆಲವು ಮಕ್ಕಳ ಮೈಮೇಲೆ ಕೆಂಪು ಬಿಲ್ಲೆಗಳೇಳುತ್ತವೆ. ತಾಯಿಯಿಂದ ಬಂದ ಪ್ರತಿಕಾಯ ಕೆಲವು ತಿಂಗಳಲ್ಲಿ ಕರಗಿದಂತೆ ಬಿಲ್ಲೆಗಳೂ ಮಾಯವಾಗುತ್ತವೆ. ಆದರೆ ಇಂಥ 100 ತಾಯಂದಿರಲ್ಲಿ ಒಬ್ಬಿಬ್ಬರ ಮಗುವಿಗೆ ಗರ್ಭದಲ್ಲಿಯೇ ಹೃದಯದ ಬಡಿತದ ದಾರಿ ಕಡಿದುಹೋಗುತ್ತದೆ, ಅದು ಮರಳಿ ಸರಿಹೋಗುವುದಿಲ್ಲ. ಆದಕಾರಣ ಲೂಪಸ್ ಇರುವ ಹೆಣ್ಣುಮಗಳು ಬಸಿರಾಗುವ ಮುಂಚೆಯೇ ವೈದ್ಯರೊಡನೆ ಮಾತನಾಡಬೇಕು. ಆಗಬಾರದೆಂದಲ್ಲ, ಆಗಿ ಸುಖವಾಗಿ ಹೆತ್ತವರು ಎಷ್ಟೋ ಮಂದಿ.

ಇನ್ನೊಂದು ಪ್ರತಿಕಾಯದ ಕಥೆ ಮಾನಕ್ಕೆ ಸಂಬಂಧಿಸಿದ್ದು. ಗುಹ್ಯರೋಗವಾದ ಸಿಫಿಲಿಸ್ಸನ್ನು ಹುಡುಕಲು ವಿ.ಡಿ.ಆರ್.ಎಲ್. ಎಂಬ ಪರೀಕ್ಷೆಯುಂಟು. ಅದರಲ್ಲಿ ಬಳಸುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನಂಥ ವಸ್ತುವಿಗೆ ಲೂಪಸ್ ರೋಗಿಗಳಲ್ಲಿ ಕೆಲವರ ರಕ್ತವೂ ಅಂಟುತ್ತದೆ. ಸಿಫಿಲಿಸ್ ಇಲ್ಲದೆಯೇ ಕಾಗದದಲ್ಲಿ ಪಾಸಿಟಿವ್! ಇದರಿಂದ ಎಷ್ಟು ಗಂಡಹೆಂಡಿರ ನಡುವೆ ಸಂಶಯ ಬಿತ್ತೋ ಎಂದು ನೆನೆದರೆ ಮನಸ್ಸು ನೋಯುತ್ತದೆ. ಟಿ.ಪಿ.ಎಚ್.ಎ. ಮುಂತಾದ ಎರಡನೆಯ ಪರೀಕ್ಷೆಯನ್ನು ಮಾಡಿಸದೆ ಆ ಮೊದಲ ಕಾಗದವನ್ನು ನಂಬತಕ್ಕದ್ದಲ್ಲ. ಈ ಜಾತಿಯ ಪ್ರತಿಕಾಯಗಳು ರಕ್ತವನ್ನು ನಾಳದೊಳಗೇ ಹೆಪ್ಪುಗಟ್ಟಿಸುವುದೂ, ಮೇಲಿಂದ ಮೇಲೆ ಗರ್ಭಪಾತಕ್ಕೆ ಕಾರಣವಾಗುವುದೂ ಉಂಟೆಂದು ಲಂಡನ್ನಿನ ಗ್ರಹಾಮ್ ಹ್ಯೂಸ್ 1983ರಲ್ಲಿ ವಿವರಿಸಿದರು. ಇಂಥ ಬಸುರಿಯರಿಗೆ ಆಸ್ಪಿರಿನ್, ಹೆಪಾರಿನ್ ಕೊಡುವ ಚಿಕಿತ್ಸೆ ಇಂದು ರೂಢಿಯಲ್ಲಿದೆ.

ಇನ್ನು ನಮ್ಮ ಸದಸ್ಯರ ಕಾಗದಕ್ಕೆ ಬರೋಣ. ಎ.ಎನ್.ಎ. ಎಂದರೆ ಕೋಶಕೇಂದ್ರಕ್ಕೆ ವಿರುದ್ಧವಾದ ಪ್ರತಿಕಾಯ. ಗಾಜಿನ ಮೇಲೆ ಬೆಳೆಸಿದ ಕೋಶಗಳಿಗೆ ರಕ್ತದ ತಿಳಿಯನ್ನು ಹಾಕಿ, ಹೊಳೆಯುವ ಬಣ್ಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. 1:80 ಎಂದರೆ ತಿಳಿಯನ್ನು 80 ಪಟ್ಟು ತೆಳುಮಾಡಿದರೂ ಹೊಳಪು ಕಂಡಿತೆಂದು ಅರ್ಥ. ಮಜ್ಜಿಗೆಗೆ ನೀರು ಬೆರೆಸುತ್ತ ಹೋಗಿ ಉಪ್ಪಿನ ರುಚಿ ಎಲ್ಲಿಯವರೆಗೆ ತಾಳಿತೆಂದು ನೋಡಿದ ಹಾಗೆ. ಲೂಪಸ್ ರೋಗಿಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಮಂದಿಗೆ ಇದು ಪಾಸಿಟಿವ್. ಹಾಗೆಂದು ತಿರುಗಿಸಿ ಹೇಳಲಾಗದು. 1997ರಲ್ಲಿ ಹಲವು ದೇಶಗಳ ಪ್ರಯೋಗಶಾಲೆಗಳು ಕೂಡಿ ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿದಾಗ 1:40ರಲ್ಲಿ 100ಕ್ಕೆ ಸುಮಾರು 32, 1:80ರಲ್ಲಿ 13, 1:160ರಲ್ಲಿ 5 ಮಂದಿಗೆ ಪಾಸಿಟಿವ್ ಬಂತು. ಇವರಾರಿಗೂ ಲೂಪಸ್ ಇರಲಿಲ್ಲ.

ಅಮೆರಿಕದ ಸೈನ್ಯದಲ್ಲಿ ಸೈನಿಕರ ರಕ್ತದ ತಿಳಿಯನ್ನು ವರ್ಷಗಟ್ಟಲೆ ಕಾದಿಡುತ್ತಾರೆ. ಮುಂದೆ ಲೂಪಸ್ ಬಂದ 130 ಮಂದಿಯ ಹಳೆಯ ರಕ್ತವನ್ನು ತೆಗೆದು ನೋಡಿದಾಗ 115 ಮಂದಿಯಲ್ಲಿ ರೋಗ ಗೊತ್ತಾಗುವುದಕ್ಕೆ ಮುಂಚೆಯೇ, ಕೆಲವರಲ್ಲಿ ಒಂಬತ್ತು ವರ್ಷ ಮುಂಚೆಯೇ, ಸ್ವಪ್ರತಿಕಾಯಗಳಿದ್ದವು. 2003ರಲ್ಲಿ ಪ್ರಕಟವಾದ ಈ ಶೋಧವನ್ನು ಓದಿ ನಾವೂ ಒಮ್ಮೆ ಬೆಚ್ಚಿದೆವು. ಆಮೇಲೆ ಯೋಚಿಸಿದಾಗ ಹೊಳೆದದ್ದು ಬೇರೆ: ಅಷ್ಟು ವರ್ಷ ಪ್ರತಿಕಾಯವನ್ನು ಹೊತ್ತುಕೊಂಡೇ ಅವರು ಕೆಲಸ ಮಾಡಿಕೊಂಡಿದ್ದರು. ಪ್ರತಿಕಾಯವಿದ್ದ ಮಾತ್ರಕ್ಕೆ ರೋಗವಲ್ಲ. ಎರಡು ಎಳೆಯ ಡಿ.ಎನ್.ಎ.ಗೆ ವಿರುದ್ಧವಾದ ಪ್ರತಿಕಾಯದ ಮಾತು ಹೆಚ್ಚು ತೂಕದ್ದು. ಅದು ಏರುವುದು, ಸಿ3 ಇಳಿಯುವುದು, ಮೂತ್ರದಲ್ಲಿ ಪ್ರೋಟೀನು ಕಾಣುವುದು ಇವು ಕೂಡಿಬಂದಾಗ ಡಾಕ್ಟರರು ತಡಮಾಡುವುದಿಲ್ಲ. ಎ.ಎನ್.ಎ.ಯನ್ನಾದರೋ ಒಮ್ಮೆ ಪಾಸಿಟಿವ್ ಬಂದಮೇಲೆ ತಿಂಗಳಿಗೊಮ್ಮೆ ಮಾಡಿಸುವುದು ದುಡ್ಡು ದಂಡ.

ರೋಗ ನಿಶ್ಚಯವಾದವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಮೊದಲ ಆಸರೆ. ಮೂಲದಲ್ಲಿ ಮಲೇರಿಯಾದ ಔಷಧ. ಅದನ್ನು ನುಂಗುವವರು ಕಾಲಕಾಲಕ್ಕೆ ಕಣ್ಣು ತೋರಿಸಬೇಕು. ಸ್ಟೆರಾಯ್ಡ್ ಮಾತ್ರೆಯವರು ಒಂದನ್ನು ಮರೆಯಬಾರದು. ರಜೆಯಲ್ಲಿ ಊರಿಗೆ ಹೋದಾಗ, ಮೈ ಹಗುರವಾಗಿದೆಯೆಂದೋ ಮಾತ್ರೆ ತೀರಿತೆಂದೋ ತಟ್ಟನೆ ನಿಲ್ಲಿಸಿದರೆ ರೋಗ ಕೆರಳುವುದಲ್ಲದೆ, ದೇಹವು ತಾನು ತಯಾರಿಸುತ್ತಿದ್ದ ಸ್ಟೆರಾಯ್ಡನ್ನೂ ಮರೆತಿರುವುದರಿಂದ ಪ್ರಾಣಕ್ಕೇ ಅಪಾಯ. ರಜೆ ಎಷ್ಟು ದಿನವೋ ಅದಕ್ಕೆ ಹದಿನೈದು ದಿನ ಹೆಚ್ಚಿಗೆ ಕಟ್ಟಿಕೊಂಡೇ ರೈಲು ಹತ್ತುವುದು ಮೇಲು.

ಮೊನ್ನೆ ಆ ಸದಸ್ಯರು ಮತ್ತೆ ಬಂದಿದ್ದರು. ಡಿ.ಎನ್.ಎ. ಪ್ರತಿಕಾಯದ ಪರೀಕ್ಷೆ ನೆಗೆಟಿವ್, ಮೂತ್ರ ಶುದ್ಧ. ಗೆಣ್ಣು ನೋವಿಗೆ ಔಷಧ ಕೊಟ್ಟು, ಮೂರು ತಿಂಗಳ ಮೇಲೆ ಪುನಃ ತೋರಿಸಿರೆಂದು ಡಾಕ್ಟರರು ಹೇಳಿದ್ದಾರಂತೆ. ಆಕೆ ಊರಿಗೆ ಹೋಗಿಲ್ಲ.