ಹಿಂದಿನ ಬೆಂಚಾದರೂ ಸರಿ, ಬಂದು ಕೂರು

ಸಂಡೇಸ್ಕೂಲು ಮುಗಿಯಿತು, ದೃಢೀಕರಣವಾಯಿತು, ಆಮೇಲೆ ಓದು, ಕೆಲಸ, ಬೆಂಗಳೂರು. ಜಗಳವಾಡಿ ಸಭೆ ಬಿಟ್ಟವರು ಕಡಿಮೆ. ಒಂದೊಂದೇ ಭಾನುವಾರ ತಪ್ಪಿಸುತ್ತ ದೂರವಾದವರೇ ಹೆಚ್ಚು. ಕೆಲವರಿಗೆ ಮನೆಯಲ್ಲಾದ ಸಾವೊಂದು ಪ್ರಾರ್ಥನೆಯ ಬಾಯಿ ಕಟ್ಟಿಸಿರುತ್ತದೆ. ಈಗ ಮತ್ತೆ ಮನಸ್ಸು ಎಳೆಯುತ್ತಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ನಮ್ಮ ಮಕ್ಕಳಿಗೆ ಈ ಕಿವಿಮಾತು.

• ಮೊದಲು ಲೂಕನ ಸುವಾರ್ತೆಯ 24ನೇ ಅಧ್ಯಾಯ ಓದು. ಎಲ್ಲ ಮುಗಿಯಿತೆಂದು ಇಬ್ಬರು ಶಿಷ್ಯರು ಯೆರೂಸಲೇಮಿಗೆ ಬೆನ್ನು ಹಾಕಿ ಎಮ್ಮಾಹುವಿನ ಕಡೆ ಹೊರಟಿದ್ದರು. ಯೇಸುಸ್ವಾಮಿ ಅವರನ್ನು ಅಡ್ಡಗಟ್ಟಲಿಲ್ಲ. ಅವರು ಹೊರಟ ದಿಕ್ಕಿಗೇ ಜೊತೆಯಾಗಿ ನಡೆದು, ಅವರ ದುಃಖ ಕೇಳಿಸಿಕೊಂಡ. ಗುರುತು ಸಿಕ್ಕಿದ್ದು ಸಂಜೆ ರೊಟ್ಟಿ ಮುರಿದಾಗ. ನೀನು ದೂರವಿದ್ದ ವರ್ಷಗಳನ್ನೂ ಹಾಗೇ ತಿರುಗಿ ನೋಡು. ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟ ರೂಮ್‌ಮೇಟ್, ಬಾಡಿಗೆಗೆ ತಿಂಗಳು ತಡೆದುಕೊಂಡ ಮನೆ ಓನರ್ ಇವರ ಹೆಸರು ಬರೆದಿಡು. ಯೇಸು ಯಾವ ದಾರಿಯಲ್ಲಿ ಜೊತೆಗಿದ್ದನೆಂದು ತಿಳಿಯುತ್ತದೆ.

• ದಣಿವನ್ನು ಅವಿಶ್ವಾಸ ಎಂದುಕೊಳ್ಳಬೇಡ. ಸಾಕು, ನನ್ನ ಪ್ರಾಣ ತೆಗೆ ಎಂದು ಬೇಡಿದ ಎಲೀಯನಿಗೆ ದೇವದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಇನ್ನೊಮ್ಮೆ ಉಣ್ಣಿಸಿದ. ಹೋರೇಬಿನ ದಾರಿ ಆಮೇಲೆ. ನೈಟ್ ಶಿಫ್ಟ್ ಮುಗಿಸಿ ಬಂದವರು ಮೊದಲು ಮಲಗಬೇಕು, ಎದ್ದು ಪ್ರಾರ್ಥಿಸಬೇಕು. ಮಂಕು ವಾರಗಟ್ಟಲೆ ಬಿಡದಿದ್ದರೆ ಡಾಕ್ಟರಿಗೆ ತೋರಿಸು.

• ಪ್ರಾರ್ಥನೆ ಚಿಕ್ಕದಿರಲಿ, ಹೊತ್ತು ಮಾತ್ರ ಗೊತ್ತಾಗಿರಲಿ. ಚಹಾ ಕುದಿಯುವಷ್ಟು ಸಮಯ ಸಾಕು. ಕರ್ತನು ಕಲಿಸಿದ ಪ್ರಾರ್ಥನೆ ಬಾಯಿಗೆ ಬರುತ್ತದಲ್ಲ, ಅದನ್ನೇ ನಿಧಾನವಾಗಿ ಹೇಳು. ಮಾತು ಬಾರದ ದಿನ ಬರೀ ಹೆಸರುಗಳನ್ನು ಹೇಳು: ಅಮ್ಮ, ತಮ್ಮ, ಆಫೀಸಿನಲ್ಲಿ ಪಕ್ಕದ ಸೀಟಿನವಳು.

• ಸತ್ಯವೇದವನ್ನು ಆದಿಕಾಂಡದಿಂದ ಹಿಡಿಯಬೇಡ, ಯಾಜಕಕಾಂಡದಲ್ಲಿ ಸಿಕ್ಕಿಕೊಳ್ಳುತ್ತೀಯ. ಮಾರ್ಕನದು ಎಲ್ಲಕ್ಕಿಂತ ಚಿಕ್ಕ ಸುವಾರ್ತೆ, 16 ಅಧ್ಯಾಯ. ದಿನಕ್ಕೊಂದು ಓದು. ಅಜ್ಜಿಯ ಹಳೆಯ ಪುಸ್ತಕ ಊರಿನಲ್ಲಿದ್ದರೆ ತರಿಸಿಕೋ. ಯಾವ ಕೀರ್ತನೆಯ ಹಾಳೆ ಬೆರಳು ತಾಗಿ ತಾಗಿ ಮೆತ್ತಗಾಗಿದೆ, ಎಲ್ಲಿ ಪೆನ್ಸಿಲ್ ಗೆರೆ ಇದೆ ನೋಡು. ಮನೆಯವರು ಕಷ್ಟದಲ್ಲಿ ಎಲ್ಲಿಗೆ ಓಡಿದ್ದರೆಂದು ಅದು ಹೇಳುತ್ತದೆ.

• ಸಿಟ್ಟಿದ್ದರೆ ಅದನ್ನೂ ದೇವರ ಮುಂದೆ ಇಡು. 13, 22, 88ನೇ ಕೀರ್ತನೆಗಳನ್ನು ಗಟ್ಟಿಯಾಗಿ ಓದು. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಮಾತೂ ಇಲ್ಲ. ಹಾಗಿದ್ದೂ ಅದು ಸತ್ಯವೇದದ ಒಳಗೇ ಇದೆ.

• ಸಂಶಯ ತೀರಲಿ, ಆಮೇಲೆ ಆರಾಧನೆಗೆ ಬರುತ್ತೇನೆ ಎನ್ನಬೇಡ. ಎದ್ದುಬಂದ ಯೇಸು ಶಿಷ್ಯರ ನಡುವೆ ಮೊದಲು ಬಂದಾಗ ತೋಮ ಅಲ್ಲಿರಲಿಲ್ಲ. ಎಂಟು ದಿನದ ಮೇಲೆ, ಸಂಶಯ ಇಟ್ಟುಕೊಂಡೇ, ಉಳಿದವರ ನಡುವೆ ಕೂತಿದ್ದ. ದರ್ಶನವಾದದ್ದು ಅಲ್ಲಿ. ಫೋನಿನಲ್ಲಿ ಆರಾಧನೆ ನೋಡುವುದು ಕಾಯಿಲೆಯವರಿಗೆ ಸರಿ. ಕಾಲು ಗಟ್ಟಿ ಇದ್ದವರು ಎದ್ದು ಬರಬೇಕು.

• "ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಎಂದು ಗೇಟಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. "ಇಲ್ಲ ಮಾವಾ, ಈಗ ದಾರಿ ಸಿಕ್ತು" ಎಂದು ನಕ್ಕು ಒಳಗೆ ಬಾ. ಎಲ್ಲರಿಗೂ ಕಥೆ ಒಪ್ಪಿಸಬೇಕಿಲ್ಲ. ಮನಸ್ಸಿನಲ್ಲಿರುವುದನ್ನು ವಾರದ ನಡುವೆ ಅಯ್ಯನವರ ಹತ್ತಿರ ಕೂತು ಹೇಳಿಕೋ. ಸಭೆಯೊಳಗೇ ಯಾರಿಂದಲಾದರೂ ಪೆಟ್ಟಾಗಿದ್ದರೆ ಬೇರೆ ಸಭೆಗೆ ಹೋಗು, ದೇವರು ಅಲ್ಲಿಯೂ ಇದ್ದಾನೆ.

• ಬಾಯಿ ಬಿಟ್ಟು ಹಾಡು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ರಾಗಗಳಿಗೆ ಕನ್ನಡ ಮಾತು ಕೂಡಿತು. ಚಿಕ್ಕಂದಿನಲ್ಲಿ ಕಲಿತ ಆ ರಾಗಗಳು ಮರೆತುಹೋಗಿಲ್ಲ. ಬೋರ್ಡಿನ ಮೇಲೆ ನಂಬರ್ ನೋಡಿ ಪುಸ್ತಕ ತೆರೆಯುವ ಹೊತ್ತಿಗೆ ಎರಡನೇ ಚರಣ ನಾಲಿಗೆಯ ಮೇಲಿರುತ್ತದೆ.

• ಅನುಭವಕ್ಕಾಗಿ ಕಾಯಬೇಡ. 1997ರಲ್ಲಿ ತೀರಿಕೊಂಡ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದವು. ದಶಕಗಳ ಕಾಲ ಅವರಿಗೆ ಒಳಗೆ ದೇವರ ಇರವು ತಟ್ಟಿರಲಿಲ್ಲ ಎಂಬುದು ಆಗ ಜನಕ್ಕೆ ಗೊತ್ತಾಯಿತು. ಅಷ್ಟು ಕಾಲವೂ ಪ್ರಾರ್ಥನೆ ನಡೆದಿತ್ತು, ಕೋಲ್ಕತ್ತದ ರೋಗಿಗಳ ಸೇವೆಯೂ ನಡೆದಿತ್ತು. ಏನೂ ಅನ್ನಿಸದ ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ.

• ಕೈಗೊಂದು ಕೆಲಸ ಕೇಳಿ ತೆಗೆದುಕೋ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಯೇಸು ಕೆರೆದಡದಲ್ಲಿ ಮೀನು, ರೊಟ್ಟಿ ಉಣಿಸಿ ಮೂರು ಸಲ ಪ್ರೀತಿಯ ಪ್ರಶ್ನೆ ಕೇಳಿದ. ಪ್ರತಿ ಸಲವೂ ಕುರಿಗಳನ್ನು ಒಪ್ಪಿಸಿದ. ನೀನು ಸುಗ್ಗಿ ಹಬ್ಬಕ್ಕೆ ಕುರ್ಚಿ ಹಾಕು, ಹರಾಜಿಗೆ ಬಂದ ಬಾಳೆಗೊನೆ ಹೊತ್ತು ತಾ, ವಯಸ್ಸಾದವರನ್ನು ಸ್ಕೂಟರಿನಲ್ಲಿ ಮನೆಗೆ ಬಿಡು. ಕೆಲಸ ಸಿಕ್ಕವರು ಮುಂದಿನ ವಾರ ತಪ್ಪಿಸುವುದಿಲ್ಲ.

ಇಷ್ಟನ್ನೂ ಒಟ್ಟಿಗೆ ಹಿಡಿಯಬೇಡ. ಒಂದನ್ನು ಆರಿಸಿಕೊಂಡು ತಿಂಗಳು ನಡೆಸು. ನಡುವೆ ತಪ್ಪಿದರೆ ಮರುದಿನ ಮತ್ತೆ ಹಿಡಿ. ಎಷ್ಟು ದಿನ ದೂರವಿದ್ದೆ ಎಂದು ಆತ ಪೇತ್ರನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳುವುದಿಲ್ಲ.